ಅಮೆರಿಕಾ ಅಮೆರಿಕಾ

ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನದ, 1997ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಬಾಲ್ಯದಿಂದ ಜೊತೆಯಾಗಿ ಬೆಳೆದ ಸೂರ್ಯ (ರಮೇಶ್ ಅರವಿಂದ್), ಶಶಾಂಕ್ (ಅಕ್ಷಯ್ ಆನಂದ್) ಮತ್ತು ಭೂಮಿಕಾ (ಹೇಮಾ ಪಂಚಮುಖಿ) ಅವರ ತ್ರಿಕೋನ ಪ್ರೇಮ, ಅಂದರೆ ಇಬ್ಬರ ಒಲವು ಒಬ್ಬಳಲ್ಲೇ ನೆಲೆಸುವ ಕಥಾಬಂಧ, ಇದರ ವಸ್ತು. ತಾಯ್ನಾಡನ್ನು ಬಿಡಲೊಲ್ಲದ ಸೂರ್ಯ ತನ್ನ ಪ್ರೀತಿಯನ್ನು ಮನಸ್ಸಿನಲ್ಲೇ ಉಳಿಸಿಕೊಳ್ಳುತ್ತಾನೆ. ಶಶಾಂಕನನ್ನು ವರಿಸಿ ಅಮೆರಿಕಕ್ಕೆ ತೆರಳಿದ ಭೂಮಿಕಾ, ಸಂಪಾದನೆಯ ಓಟದಲ್ಲಿ ಮುಳುಗಿದ ಗಂಡನ ಮನೆಯಲ್ಲಿ ಎಲ್ಲ ಅನುಕೂಲಗಳ ನಡುವೆಯೂ ಒಂಟಿಯಾಗುತ್ತಾಳೆ. ಲಘುಹಾಸ್ಯದ ಗೆಳೆತನದಿಂದ ಆರಂಭವಾಗುವ ಕಥೆ ಸೂರ್ಯ ಅಲ್ಲಿಗೆ ಬಂದ ಮೇಲೆ ವಿಷಾದದತ್ತ ಹೊರಳುತ್ತದೆ. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ದಾಂಪತ್ಯದ ಅತೃಪ್ತಿಯನ್ನು ದುರಂತವಾಗಿ ಕಂಡರೆ, ಇಲ್ಲಿ ಅದು ವಲಸೆಯ ಬೆಲೆಯಾಗಿ ಕಾಣಿಸುತ್ತದೆ. ಆದರೆ ತಾಯ್ನಾಡನ್ನು ಸೂರ್ಯನೊಂದಿಗೂ ಪರದೇಶವನ್ನು ಶಶಾಂಕನೊಂದಿಗೂ ಸಮೀಕರಿಸುವುದರಿಂದ ಭೂಮಿಕಾಳ ಸ್ವಂತ ಆಯ್ಕೆಗೆ ಚಿತ್ರದಲ್ಲಿ ದಕ್ಕುವ ಅವಕಾಶ ಕಿರಿದು. ಮನೋಮೂರ್ತಿ ಸಂಗೀತ ನೀಡಿದ ಮೊದಲ ಚಿತ್ರವಿದು. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಳಿ’ ಕವಿತೆ ಇದರಲ್ಲಿ ಹಾಡಾಗಿ, ನವೋದಯ ಮತ್ತು ನವ್ಯ ಕಾವ್ಯದ ಓದುಗರಾಚೆಗೂ ಮನೆಮಾತಾಯಿತು. ಚಿತ್ರಕ್ಕೆ 44ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಗೌರವ ದೊರೆಯಿತು.