ಉರುಸು

ಸೂಫಿ ಸಂತರ ದರ್ಗಾಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಉತ್ಸವವೇ ಉರುಸು. ಅರಬ್ಬಿಯ ‘ಉರ್ಸ್’ ಫಾರಸಿ, ಉರ್ದುಗಳನ್ನು ಹಾದು ಬಂದು, ಕನ್ನಡದ ಬಾಯಿಗೆ ಒಗ್ಗುವಂತೆ ಉಕಾರ ಸೇರಿಸಿಕೊಂಡಿತು. ಮೂಲದಲ್ಲಿ ಅದರ ಅರ್ಥ ಮದುವೆ; ಮದುಮಗಳನ್ನು ಹೇಳುವ ‘ಅರೂಸ್’ ಅದೇ ಧಾತುವಿನದು. ಆದರೆ ಉರುಸು ನಡೆಯುವುದು ಸಂತರು ತೀರಿಕೊಂಡ ತಿಥಿಯಂದು. ಸೂಫಿಗಳಿಗೆ ಸಾವೆಂದರೆ ಆತ್ಮ ತನ್ನ ಪ್ರಿಯನಾದ ದೇವರನ್ನು ಕೂಡುವ ಗಳಿಗೆ. ಹಾಗಾಗಿಯೇ ಪುಣ್ಯತಿಥಿಗೆ ಮದುವೆಯ ಹೆಸರು. ಇಷ್ಟು ಧೈರ್ಯದ ರೂಪಕವೊಂದು ದಿನಬಳಕೆಯ ಮಾತಾಗಿ ಉಳಿದಿರುವುದು ನನಗೆ ದೊಡ್ಡ ಸಂಗತಿ.

ದೆಹಲಿಯ ನಿಜಾಮುದ್ದೀನ್ ದರ್ಗಾಕ್ಕೆ ಹೋದವರಿಗೆ ಈ ಅರ್ಥ ಕಣ್ಣಿಗೇ ಕಾಣುತ್ತದೆ. 1325ರಲ್ಲಿ ಗುರು ನಿಜಾಮುದ್ದೀನ್ ಔಲಿಯಾ ತೀರಿಕೊಂಡರು. ಶಿಷ್ಯ, ಕವಿ ಅಮೀರ್ ಖುಸ್ರೋ ಕೆಲವೇ ತಿಂಗಳಲ್ಲಿ ಹಿಂಬಾಲಿಸಿದರು. ಇಬ್ಬರ ಸಮಾಧಿಯೂ ಒಂದೇ ಆವರಣದಲ್ಲಿದೆ. ಮೊದಲು ಖುಸ್ರೋಗೆ ಸಲಾಂ, ಆಮೇಲೆ ಗುರುವಿಗೆ ಎಂಬುದು ಅಲ್ಲಿನ ರೂಢಿ. ಉರುಸಿನಲ್ಲಿ ಗೋರಿಗೆ ಚಾದರ, ಗುಲಾಬಿ ಪಕಳೆ. ಅಂಗಳದಲ್ಲಿ ಖುಸ್ರೋ ಹೆಸರಿನ ಹಾಡುಗಳ ಕವ್ವಾಲಿ. ಅಳುವ ಸದ್ದಿಲ್ಲ.

ಕನ್ನಡದಲ್ಲಿ ‘ಉರುಸಿಗೆ ಹೋಗೋದು’ ಎಂದರೆ ಜಾತ್ರೆಗೆ ಹೋದಂತೆಯೇ. ಕಲಬುರಗಿಯ ಸೂಫಿ ಸಂತ ಖ್ವಾಜಾ ಬಂದೇನವಾಜರ ಉರುಸಿಗೆ ಎಲ್ಲ ಮತದವರೂ ಸೇರುತ್ತಾರೆ. ಗಂಧದ ಮೆರವಣಿಗೆಗೆ ಸಂದಲ್ ಎಂದು ಹೆಸರು. ಉರುಸಿನ ತಿಥಿ ಎಣಿಸುವ ಹಿಜರಿ ಪಂಚಾಂಗ ಚಾಂದ್ರಮಾನದ್ದಾದ್ದರಿಂದ, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಅದು ಪ್ರತಿವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ.