ಗುರುತು, ಸ್ಥಿತಿ, ಸಂದೇಶ: ಕ್ಲಾಸ್ ಮತ್ತು ಆಬ್ಜೆಕ್ಟ್‌ಗಳನ್ನು ಕೋಲಾರ ಚಿನ್ನದ ಗಣಿಗಳಲ್ಲಿ ನೋಡುವುದು

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳಲ್ಲಿ ಕಾರು, ನಾಯಿ, ವಿದ್ಯಾರ್ಥಿ ಎಂಬ ಉದಾಹರಣೆಗಳೇ ಮರಳಿ ಮರಳಿ ಬರುತ್ತವೆ. ಅವುಗಳಿಂದ ವ್ಯಾಖ್ಯೆ ಬಾಯಿಪಾಠವಾಗುತ್ತದೆ. ಆದರೆ ಕಾಲ ಸರಿದಂತೆ ಆಬ್ಜೆಕ್ಟ್‌ನಲ್ಲಿ ಏನು ಬದಲಾಗುತ್ತದೆ, ಏನು ಉಳಿಯುತ್ತದೆ ಎಂಬುದು ಕಾಣುವುದಿಲ್ಲ. ಗುರುತು ಮತ್ತು ಸ್ಥಿತಿಯನ್ನು ಮೊದಲು ಕಲಿಸಬೇಕು, ಇನ್‌ಹೆರಿಟೆನ್ಸ್ ಆಮೇಲೆ ಬರಬೇಕು ಎಂಬುದು ಈ ಲೇಖನದ ವಾದ. ಕೋಲಾರ ಗೋಲ್ಡ್ ಫೀಲ್ಡ್ಸ್‌ನ (ಕೆಜಿಎಫ್) ಗಣಿಗಳು ಇದಕ್ಕೆ ಗಟ್ಟಿ ಆಧಾರ ಒದಗಿಸುತ್ತವೆ.

ನಾರ್ವೆಯ ಒಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ 1960ರ ದಶಕದಲ್ಲಿ ರೂಪಿಸಿದ ಸಿಮುಲಾ ಭಾಷೆಯಲ್ಲಿ ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಪರಿಕಲ್ಪನೆ ಮೈತಳೆಯಿತು. ನಿಜಜಗತ್ತಿನ ವ್ಯವಸ್ಥೆಗಳು ಹೇಗೆ ನಡೆಯುತ್ತವೆ ಎಂಬುದನ್ನು ಗಣಕದಲ್ಲಿ ಅನುಕರಿಸಿ ನೋಡುವುದೇ ಅವರ ಉದ್ದೇಶವಾಗಿತ್ತು. ಹಾಗಾಗಿ ಗಣಿಯಿಂದ ಉದಾಹರಣೆ ಎತ್ತಿಕೊಳ್ಳುವುದು ಈ ಶಾಸ್ತ್ರದ ಮೂಲಕ್ಕೇ ಹತ್ತಿರವಾದ ಕೆಲಸ.

'ಗಣಿ' ಎಂಬ ಕ್ಲಾಸ್ ಬರೆಯುವಾಗ ಹೆಸರು, ಒಡೆತನ, ಉತ್ಪಾದನೆ ನಡೆಯುತ್ತಿದೆಯೇ ಎಂಬ ಗುಣಗಳನ್ನು ಗೊತ್ತುಮಾಡುತ್ತೇವೆ. ಆ ಬರಹಕ್ಕೆ ತನ್ನದೇ ಒಡೆಯನಿಲ್ಲ, ಉತ್ಪಾದನೆಯಿಲ್ಲ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ನಂದಿದುರ್ಗ ಎಂಬ ಮೂರು ಆಬ್ಜೆಕ್ಟ್‌ಗಳನ್ನು ಸೃಷ್ಟಿಸಿದಾಗಲೇ ಗುಣಗಳಿಗೆ ಬೆಲೆ ತುಂಬುತ್ತದೆ. ಎರಡು ಗಣಿಗಳ ಎಲ್ಲ ಬೆಲೆಗಳೂ ಒಂದೇ ಆದರೂ ಅವು ಎರಡೇ; ಇದೇ ಗುರುತು.

ಈಗ ಮೈಸೂರು ಮೈನ್ಸ್‌ನ ಇತಿಹಾಸವನ್ನು ಗಮನಿಸಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿದ್ದ ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ಗೆ ಸೇರಿತು. ಒಡೆತನ ಎಂಬ ಗುಣದ ಬೆಲೆ ಬದಲಾಯಿತು, ಗಣಿ ಅದೇ. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಾಗಲೂ ಬದಲಾದದ್ದು ಸ್ಥಿತಿಯೇ. ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿತು, ಆಬ್ಜೆಕ್ಟ್ ಅಳಿಯಲಿಲ್ಲ. 'ಮುಚ್ಚು' ಎಂಬ ಮೆಥಡ್ಡನ್ನು ಡಿಸ್ಟ್ರಕ್ಟರ್ ಎಂದು ಬರೆಯುವ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾನೆ.

ಎನ್‌ಕ್ಯಾಪ್ಸುಲೇಶನ್ ತಿಳಿಯಲು ಗಣಿಯ ಶಾಫ್ಟ್‌ನಲ್ಲಿ ಜನರನ್ನು ಇಳಿಸಿ ಏರಿಸುವ ಕೇಜ್ ನೋಡಿದರೆ ಸಾಕು. ಕೆಳಗಿನ ಮಟ್ಟದಲ್ಲಿ ನಿಂತವರು ಅದನ್ನು ಎಳೆಯುವ ವೈಂಡಿಂಗ್ ಎಂಜಿನ್ನನ್ನು ಮುಟ್ಟುವುದಿಲ್ಲ. ಗೊತ್ತುಪಡಿಸಿದ ಗಂಟೆಯ ಸಂಕೇತ ಕಳಿಸುತ್ತಾರೆ; ಅದೇ ಸಂದೇಶ. ಹಗ್ಗವನ್ನು ಎಷ್ಟು ಬಿಡಬೇಕು, ಬ್ರೇಕ್ ಎಲ್ಲಿ ಹಾಕಬೇಕು ಎಂಬುದು ಎಂಜಿನ್ ಮನೆಯ ಒಳಗಿನ ವ್ಯವಹಾರ. ಜೀವ ಉಳಿಸುವ ಶಿಸ್ತು ಅದು. ಪಬ್ಲಿಕ್, ಪ್ರೈವೇಟ್ ಎಂಬ ವಿಭಜನೆಯ ಹಿಂದಿನ ಕಾರಣವೂ ಇಂಥದ್ದೇ.

ಇನ್‌ಹೆರಿಟೆನ್ಸ್‌ನ ಆತುರಕ್ಕೆ ತಡೆ ಒಡ್ಡುವುದು ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ಭೌತವಿಜ್ಞಾನಿಗಳು ಸುಮಾರು 2300 ಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು 1965ರಲ್ಲಿ ವರದಿ ಮಾಡಿದರು. ಹಾಗೆಂದು ಆ ಶಾಫ್ಟನ್ನು 'ಪ್ರಯೋಗಾಲಯ ಶಾಫ್ಟ್' ಎಂಬ ಉಪಕ್ಲಾಸ್‌ಗೆ ಸೇರಿಸಬೇಕೇ? ಆ ಪ್ರಯೋಗ ಮುಗಿದ ದಿನ ಆಬ್ಜೆಕ್ಟ್ ತನ್ನ ಕ್ಲಾಸನ್ನೇ ಬದಲಿಸಬೇಕಾಗುತ್ತದೆ. ಸಿ ಪ್ಲಸ್ ಪ್ಲಸ್, ಜಾವಾ ಇದಕ್ಕೆ ಎಡೆಕೊಡುವುದಿಲ್ಲ. ಶಾಫ್ಟ್‌ಗೆ ಮಟ್ಟಗಳುಂಟು, ಒಂದು ಮಟ್ಟದಲ್ಲಿ ಪ್ರಯೋಗಾಲಯ ಇರಬಹುದು ಎಂದು ಬರೆಯುವುದೇ ಸರಿಯಾದ ವಿನ್ಯಾಸ. ಉಪಯೋಗ ಬದಲಾಗುವ ಕಡೆ ಉಪಕ್ಲಾಸ್ ಬೇಡ, ಜೋಡಣೆ (ಕಾಂಪೊಸಿಷನ್) ಸಾಕು.

ಪಠ್ಯ ರಚಿಸುವವರು ಇನ್‌ಹೆರಿಟೆನ್ಸ್‌ನ ಅಧ್ಯಾಯವನ್ನು ಹಿಂದಕ್ಕೆ ಸರಿಸಿ, ಒಂದೇ ಆಬ್ಜೆಕ್ಟ್‌ನ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುವ ಅಭ್ಯಾಸವನ್ನು ಮೊದಲು ಕೊಡಲಿ. ಕೋಲಾರ ಜಿಲ್ಲೆಯ ಕಾಲೇಜುಗಳಲ್ಲಿ ಆ ಅಭ್ಯಾಸಕ್ಕೆ ಮೈಸೂರು ಮೈನ್ಸ್‌ನ ದಾಖಲೆಯೇ ಆಗಬಹುದು.