ಸ್ಟುಡಿಯೋ ಮನೆಗೆ ಬಂದ ದಾರಿ

ಸೋಬಾನೆ ಪದ ಹಾಡುವ ಅಜ್ಜಿಯರ ಮನೆಗೆ ನಾವು ಒಯ್ಯುವುದು ಒಂದು ಮೊಬೈಲು, ಸೆರಗಿಗೆ ಸಿಕ್ಕಿಸುವ ಒಂದು ಪುಟ್ಟ ಮೈಕು, ಅಷ್ಟೆ. ಅಗ್ಗದ ಮೈಕಿನಲ್ಲಿ ಹಾಡು ಹಿಡಿಯಲು ಆಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಆಗುತ್ತದೆ. ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತಾದಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವಿಟ್ಟು, ಗಟ್ಟಿ ದನಿಯಲ್ಲಿ, ಸುಮಾರು ಮೂರು ನಿಮಿಷದೊಳಗೆ ಹಾಡಿ ಮುಗಿಸಬೇಕಿತ್ತು. ಯಾರ ಹಾಡು ಉಳಿಯಬೇಕು ಎಂಬುದು ಯಂತ್ರ ಇದ್ದವರ ಕೈಯಲ್ಲಿತ್ತು.

1916ರಲ್ಲಿ ಅಮೆರಿಕದ ಇ. ಸಿ. ವೆಂಟೆ ಕಂಡೆನ್ಸರ್ ಮೈಕು ರೂಪಿಸಿದರು. ತೆಳು ಪೊರೆ, ಅದರ ಹಿಂದೊಂದು ತಟ್ಟೆ. ದನಿಗೆ ಪೊರೆ ಅದುರಿದರೆ ವಿದ್ಯುತ್ತು ಏರಿಳಿಯುತ್ತದೆ. ದನಿಯೇನೋ ಸೊಗಸು, ಆದರೆ ಅದಕ್ಕೆ ಹೊರಗಿನಿಂದ ಹೆಚ್ಚಿನ ವೋಲ್ಟೇಜು ಕೊಡಬೇಕು. ಹಾಗಾಗಿ ಅದು ಸ್ಟುಡಿಯೋದ ಸೊತ್ತಾಗಿಯೇ ಉಳಿಯಿತು.

ಈ ಗಂಟನ್ನು ಬಿಡಿಸಿದವರು ಬೆಲ್ ಲ್ಯಾಬ್ಸ್‌ನ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್. ವೆಸ್ಟ್ 1931ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ ಕಪ್ಪು ಜನಾಂಗದ ವಿಜ್ಞಾನಿ. 1962ರಲ್ಲಿ ಇಬ್ಬರೂ ಸೇರಿ ತೆಳು ಪ್ಲಾಸ್ಟಿಕ್ ಹಾಳೆಯೊಳಗೇ ವಿದ್ಯುದಾವೇಶ ಉಳಿಯುವಂತೆ ಮಾಡಿ ಮೈಕು ಕಟ್ಟಿದರು. ಇದೇ ಎಲೆಕ್ಟ್ರೆಟ್ ಮೈಕು. ದೊಡ್ಡ ವೋಲ್ಟೇಜು ಬೇಡ, ಒಳಗಿನ ಪುಟ್ಟ ಆಂಪ್ಲಿಫೈಯರಿಗೆ ಸಣ್ಣ ಬ್ಯಾಟರಿ ಸಾಕು. ನಮ್ಮ ಕೈಲಿರುವ ಕಾಲರ್ ಮೈಕುಗಳು ಹೆಚ್ಚಾಗಿ ಇದೇ ವಂಶದವು.

ಮೈಕು ಅಗ್ಗವಾಯಿತು, ಮುದ್ರಿಸುವ ಯಂತ್ರ? 1979ರಲ್ಲಿ ಟಿಯಾಕ್ ಕಂಪನಿ ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಹಿಡಿಯುವ ಪೋರ್ಟಾಸ್ಟುಡಿಯೋ ತಂದಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಆ ಯಂತ್ರ ಮತ್ತು ಎರಡು ಶೂರ್ ಎಸ್‌ಎಂ57 ಮೈಕು ಇಟ್ಟುಕೊಂಡು ಹಾಡಿದರು. ತಂಡಕ್ಕೆ ಕೇಳಿಸಲೆಂದು ಮಾಡಿದ ಮಾದರಿಯದು. ಆಮೇಲೆ ಸ್ಟುಡಿಯೋದಲ್ಲಿ ತಂಡದೊಂದಿಗೆ ನುಡಿಸಿದ್ದು ಅವರಿಗೆ ಹಿಡಿಸಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಆಲ್ಬಮ್ ಆಯಿತು.

ಈ ಇತಿಹಾಸದಿಂದ ನಾವು ಕಲಿತದ್ದು ಇಷ್ಟು. ಒಬ್ಬರ ದನಿಗೆ ಎಲೆಕ್ಟ್ರೆಟ್ ಮೈಕು ಧಾರಾಳ ಸಾಕು. ತಮಟೆ, ಡೊಳ್ಳಿನಂಥ ಗಟ್ಟಿ ಸದ್ದಿಗೆ ಎಸ್‌ಎಂ57 ಜಾತಿಯ ಡೈನಮಿಕ್ ಮೈಕು ಒಳ್ಳೆಯದು. ಒಳಗೆ ಸುರುಳಿ, ಅಯಸ್ಕಾಂತ ಮಾತ್ರ, ಒರಟಾಗಿ ಬಳಸಿದರೂ ತಡೆಯುತ್ತದೆ. ಆದರೆ ಅದನ್ನು ಮೊಬೈಲಿಗೆ ನೇರ ಸಿಕ್ಕಿಸಲಾಗದು, ನಡುವೆ ಆಡಿಯೋ ಇಂಟರ್‌ಫೇಸ್ ಬೇಕು. ಮಿಕ್ಕ ದುಡ್ಡು ಒಂದು ಹೆಡ್‌ಫೋನಿಗೆ ಇರಲಿ. ಫ್ಯಾನು ಆರಿಸಿ, ಬರಿಗೋಡೆಗೆ ಕಂಬಳಿ ಇಳಿಬಿಡಿ, ಮೈಕು ಬಾಯಿಂದ ಒಂದು ಗೇಣು ದೂರದಲ್ಲಿರಲಿ. ಇದಕ್ಕೆ ಕಾಸು ಖರ್ಚಿಲ್ಲ.

ಯಾರ ಹಾಡು ಉಳಿಯಬೇಕೆಂದು ಈಗ ಕಂಪನಿಯನ್ನು ಕೇಳಬೇಕಾಗಿಲ್ಲ. ಹಾಡಿದವರ ಒಪ್ಪಿಗೆ ಕೇಳಿ. ಒಪ್ಪಿದರೆ ಅವರ ಹೆಸರು, ಊರು, ತಾರೀಖು ಬರೆದಿಡುವುದನ್ನು ಮಾತ್ರ ಮರೆಯಬೇಡಿ.